ಚಿಗರಿ ನಂಬಿದ ಬಂಡಿ

ನನ್ನ ಬಳಿ ಇದ್ದದ್ದು ಒಂದು ಡಬ್ಬಿ ಕ್ಯಾಮೆರಾ. ಹೈದರಾಬಾದಿನಲ್ಲಿ ನೌಕರಿಗಿದ್ದ ಸೋದರಮಾವ ಹೊಸದನ್ನು ಕೊಂಡು ಹಳೆಯದನ್ನು ನನಗೆ ಕೊಟ್ಟಿದ್ದ. ಅದನ್ನು ಹೊಟ್ಟೆಗೆ ಆನಿಸಿ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಿ, ಉಸಿರು ಕಟ್ಟಿ ಕೀಲಿ ಒತ್ತಬೇಕು. ಎದುರಿಗಿದ್ದವರು ಹತ್ತು ಹೆಜ್ಜೆಯೊಳಗಿದ್ದರೆ ಮುಖ ಬರುತ್ತಿತ್ತು. ಇಪ್ಪತ್ತು ಹೆಜ್ಜೆಯಾದರೆ ಅತ್ತೆಯೋ ಸೊಸೆಯೋ ತಿಳಿಯುತ್ತಿರಲಿಲ್ಲ. ಅಂಥ ಡಬ್ಬಿ ಇಟ್ಟುಕೊಂಡು ನನಗೆ ಚಿಗರಿಯ ಫೋಟೋ ತೆಗೆಯುವ ಹುಚ್ಚು ಹತ್ತಿತು.

ಆಗ ಯುದ್ಧದ ಕಾಲ. ಮನೆ ಕಲ್ಯಾಣದಲ್ಲಿ, ಕಾರಕೂನಿಕೆ ಹುಮನಾಬಾದಿನ ಒಂದು ಕಚೇರಿಯಲ್ಲಿ. ವಾರಕ್ಕೊಮ್ಮೆ ಸೈಕಲ್ ಮೇಲೆ ಊರಿಗೆ ಹೋಗಿ ಬರುವಾಗ ಬಯಲಿನಲ್ಲಿ ಆ ಜಿಂಕೆಗಳ ಹಿಂಡು ಕಾಣುತ್ತಿತ್ತು. ಗಂಡು ಚಿಗರಿಯ ಬೆನ್ನು ಎರೆಮಣ್ಣಿನ ಕಪ್ಪು, ಹೊಟ್ಟೆ ಸುಣ್ಣ ಬಳಿದ ಹಾಗೆ, ತಲೆಯ ಮೇಲೆ ಹಗ್ಗ ಹೊಸೆದಂತೆ ಎರಡು ಕೋಡು. ಸೈಕಲ್ ಕೆಡವಿ, ಇದ್ದ ಒಂದೇ ಒಳ್ಳೆಯ ಅಂಗಿಯಲ್ಲಿ ಹೊಟ್ಟೆಯ ಮೇಲೆ ತೆವಳಿ ಹೋಗುತ್ತಿದ್ದೆ. ಅವು ನೂರು ಹೆಜ್ಜೆಯಾಚೆಯಿಂದಲೇ ಕಿವಿ ನಿಗುರಿಸಿ, ಚೆಂಡು ಪುಟಿದಂತೆ ಪುಟಿದು ಮಾಯವಾಗುತ್ತಿದ್ದವು. ಫಿಲಮ್ ತೊಳೆದುಕೊಡುತ್ತಿದ್ದ ಸ್ಟುಡಿಯೋದ ಚಾಚಾ ಮೊದಲನೆಯ ಫೋಟೋ ಬೆಳಕಿಗೆ ಹಿಡಿದು, "ಬಾಬಾ, ಇದರಾಗ ಚಿಗರಿ ಯಾವುದು, ನೊಣದ ಹೊಲಸು ಯಾವುದು, ನೀನೇ ಹೇಳು" ಎಂದಿದ್ದರು.

ದಾರಿ ತೋರಿಸಿದವರು ಘಾಟಬೋರಾಳದ ಮುತ್ಯಾ. ನನ್ನ ಸ್ವಂತ ಅಜ್ಜನ ಗೆಳೆಯ. ಅಜ್ಜ ತೀರಿಕೊಂಡ ಮೇಲೆ ಮುತ್ಯಾ ಎಂದು ಕರೆಸಿಕೊಳ್ಳುವ ಹಕ್ಕು ಅವರದೇ. ಅವರ ಹೆಂಡತಿ ಆಯಿ ನನಗೆ ಎರಡನೆಯ ಅಜ್ಜಿ. ನನ್ನ ಮೊಣಕೈಯ ತರಚು ಗಾಯ ನೋಡಿ ಮುತ್ಯಾ ಹೊಟ್ಟೆ ಹಿಡಿದು ನಕ್ಕರು.

"ಕಳ್ಳರಂಗ ತೆವಳಿ ಹೋದ್ರ ಅವು ನಿಂದರ್ತಾವೇನೋ ತಮ್ಮಾ? ನಾಳಿ ನನ್ನ ಬಂಡ್ಯಾಗ ಬಾ. ಬಂದು ಸುಮ್ಮ ಕುಂದರು."

ಬಂಡಿಯ ಮರ್ಮ ಇಷ್ಟೇ. ಮುತ್ಯಾನ ಕಡಲೆ ಹೊಲದ ಅಂಚಿಗೆ ಒಂದು ಬೀಳು. ಅಲ್ಲಿಯ ಹಿಂಡು ಹುಟ್ಟಿದಾಗಿನಿಂದ ಆ ಬಂಡಿಯನ್ನು ನೋಡುತ್ತ ಬಂದಿತ್ತು. ಬಂಡಿಯಿಂದ ಅವಕ್ಕೆ ಎಂದೂ ಕೇಡಾಗಿರಲಿಲ್ಲ. ಹೊಲದ ಬದುವಿನ ನಾಲ್ಕು ಸಾಲು ಕಡಲೆಯನ್ನು ಮುತ್ಯಾ ಕೀಳುತ್ತಲೇ ಇರಲಿಲ್ಲ, ಅದು ಚಿಗರಿಯ ಪಾಲು. ಆದರೂ ನೇರ ಅವುಗಳ ಮೇಲೆ ಬಂಡಿ ಹೊಡೆಯಬಾರದು. ದೊಡ್ಡ ಸುತ್ತು, ಆಮೇಲೆ ಅದಕ್ಕಿಂತ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಅವುಗಳ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಎತ್ತಿನ ಜೊತೆ ಏನಾದರೂ ಮಾತಾಡುತ್ತಲೇ ಇರಬೇಕು. ಮುತ್ಯಾ ಎತ್ತುಗಳಿಗೆ ಆಯಿಯ ಮೇಲಿನ ದೂರನ್ನೆಲ್ಲ ಹೇಳುತ್ತಿದ್ದರು. "ಇವತ್ತೂ ಪಲ್ಲ್ಯಾಕ ಉಪ್ಪು ಹಾಕಿಲ್ಲ ನೋಡಪಾ, ಕೇಳಿದ್ರ ನನ್ನ ನಾಲಿಗಿನೇ ಸತ್ತಾದಂತ..."

ನಾಲ್ಕನೆಯ ಸುತ್ತಿಗೆ ಎಂಟು ಹೆಜ್ಜೆ ದೂರದಲ್ಲಿ ಹಿಂಡಿನ ಕರಿಯ ಗಂಡು ಮೇಯುವುದನ್ನು ಬಿಟ್ಟು ತಲೆ ಎತ್ತಿತು. ಅದರ ಮೂಗಿನ ತೇವ ಕಾಣುತ್ತಿತ್ತು. ಒಂದು ಮರಿ ಬಂಡಿಯ ನೆರಳಿಗೆ ಬಂದು ನಿಂತು ಗಾಲಿಯನ್ನು ಮೂಸಿತು. ನನ್ನ ಅವಸರಕ್ಕೆ ಎಂಟು ಫೋಟೋಗಳಲ್ಲಿ ನೆಟ್ಟಗೆ ಬಂದದ್ದು ಒಂದೇ. ಬಂದದ್ದು ಮಾತ್ರ ಬಂಗಾರದಂತೆ ಬಂತು.

ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ನಾನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕಂಡಕಂಡವರಿಗೆ ತೋರಿಸುತ್ತ ತಿರುಗಿದೆ. ಕಚೇರಿಯ ಸಾಹೇಬರ ಕಿವಿಗೂ ಬಿತ್ತು. ಕರೆಸಿದರು. ನಾವು ಕಾರಕೂನರು ಜಮಖಾನೆಯ ಮೇಲೆ ಕುಳಿತು ಬರೆಯುವವರು. ಸಾಹೇಬರು ಫೋಟೋ ನೋಡಿದವರೇ ಎದುರಿನ ಕುರ್ಚಿ ತೋರಿಸಿ ಕುಳಿತುಕೊ ಎಂದರು. ಮೂರು ವರ್ಷದ ನೌಕರಿಯಲ್ಲಿ ಮೊದಲ ಸಲ ಆ ಕುರ್ಚಿಯ ಮೇಲೆ ಕುಳಿತೆ.

"ಎಷ್ಟು ದೂರದಿಂದ ತೆಗದಿ?"

"ಎಂಟು ಹೆಜ್ಜಿ, ಹುಜೂರ್."

"ಝೂಟ್ ಹೇಳಬ್ಯಾಡ."

"ಬೇಕಾದ್ರ ನೀವೇ ಬಂದು ನೋಡ್ರಿ, ಹುಜೂರ್. ನಮ್ಮ ಮುತ್ಯಾನ ಬಂಡಿ ಅದ. ಹಿಂಗ ಕೈ ಚಾಚಿದ್ರ ಸಿಗ್ತಾವ."

ಅವರೇನೂ ಕೇಳಿರಲಿಲ್ಲ. ಕರೆದವನು ನಾನು. ದಿನವನ್ನೂ ನಾನೇ ಗೊತ್ತುಮಾಡಿದೆ: ಎಳ್ಳ ಅಮಾವಾಸ್ಯೆ. ಅಂದು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ. ಭೂಮಿತಾಯಿಗೆ ಚರಗದ ಎಡೆ ಚೆಲ್ಲಿದ ಮೇಲೆ ಹೊಲಕ್ಕೆ ಬಂದವರು ಯಾರೇ ಇರಲಿ, ಊಟಕ್ಕೆ ಕೂರಿಸುವುದೇ. ಹೊಲವಿಲ್ಲದ ನಮ್ಮಂಥವರು ಯಾರದೋ ಹೊಲಕ್ಕೆ ಯಾರನ್ನೋ ಕರೆದುಕೊಂಡು ಹೋದರೂ ಯಾಕೆ ಎಂದು ಕೇಳುವವರಿಲ್ಲ. ಬೇರೆ ದಿನವಾಗಿದ್ದರೆ ಬಂದವರು ಯಾರು, ಎಂಥವರು ಎಂದು ಮುತ್ಯಾ ನಾಲ್ಕು ಮಾತು ಕೇಳುತ್ತಿದ್ದರು.

ಸಾಹೇಬರು ಟಾಂಗಾದಲ್ಲಿ ಬಂದರು. ಅವರ ಕಾಲ ಬಳಿ ಚಾದರದಲ್ಲಿ ಸುತ್ತಿದ ಉದ್ದನೆಯದೊಂದು ಗಂಟು. ನೋಡಿದ ಕೂಡಲೇ ನನಗೆ ತಿಳಿಯಿತು. ತಿಳಿಯಲಿಲ್ಲ ಎಂದು ಬರೆಯಬಹುದು, ಈಗ ಕೇಳಲು ಯಾರೂ ಉಳಿದಿಲ್ಲ. ಆದರೆ ತಿಳಿಯಿತು.

ಅವರು ಮರ್ಯಾದಸ್ಥರಂತೆ ಬದುವಿನಲ್ಲಿ ಬೂಟು ಕಳಚಿ ಬಂದರು. ಆಯಿ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಬಡಿಸಿದರು. ಸಾಹೇಬರು ಎರಡು ಸಲ ಭಜ್ಜಿ ಹಾಕಿಸಿಕೊಂಡು, "ಅಜ್ಜಿ, ಇಂಥಾ ರುಚಿ ಹೈದರಾಬಾದದಾಗ ಸುದ್ದಾ ಸಿಗಂಗಿಲ್ಲ" ಎಂದರು. ಆಯಿ ನಾಚಿ ಸೆರಗು ಬಾಯಿಗೆ ಇಟ್ಟುಕೊಂಡರು.

ಊಟವಾಗಿ ಬಂಡಿ ಹತ್ತುವಾಗ ಮುತ್ಯಾ ಆ ಗಂಟು ನೋಡಿ ನನ್ನನ್ನು ಕೇಳಿದರು:

"ಅದೇನೋ ತಮ್ಮಾ, ಅಷ್ಟುದ್ದದ್ದು?"

"ಕ್ಯಾಮೆರಾದ ಕಾಲು, ಮುತ್ಯಾ. ದೊಡ್ಡ ಕ್ಯಾಮೆರಾಕ್ಕ ನಿಂದರ್ಸಾಕ ಬೇಕಾಗ್ತದ."

ಹಾಗೆ ಹೇಳು ಎಂದು ಸಾಹೇಬರು ನನಗೆ ಹೇಳಿರಲಿಲ್ಲ. ಅವರು ಟಾಂಗಾದವನ ಜೊತೆ ಮಾತಿನಲ್ಲಿದ್ದರು, ನಮ್ಮ ಮಾತು ಅವರಿಗೆ ಕೇಳಿಸಲೂ ಇಲ್ಲ. ಆ ಉತ್ತರ ನನ್ನ ಬಾಯಿಂದ ಎಣ್ಣೆಯಂತೆ ಜಾರಿ ಬಂತು. ಮುತ್ಯಾ ತಲೆಯಾಡಿಸಿ ತಮ್ಮ ಕೈಯಿಂದಲೇ ಗಂಟನ್ನು ಎತ್ತಿ ಬಂಡಿಯೊಳಗೆ, ಒಡೆಯದಂತೆ, ಹುಲ್ಲಿನ ಮೇಲೆ ಇಟ್ಟರು.

ದೊಡ್ಡ ಸುತ್ತು, ಸಣ್ಣ ಸುತ್ತು, ಇನ್ನೂ ಸಣ್ಣದು. ಮುತ್ಯಾ ಎತ್ತುಗಳಿಗೆ ಆಯಿಯ ಭಜ್ಜಿಯ ಹೊಗಳಿಕೆ ಹೇಳುತ್ತಿದ್ದರು. ಹಿಂದೆ ಚಾದರ ಬಿಚ್ಚಿದ ಸಪ್ಪಳ ನನಗೆ ಕೇಳಿಸಿತು. ನಾನು ತಿರುಗಲಿಲ್ಲ. ಕೈಯಲ್ಲಿ ಕ್ಯಾಮೆರಾ ಇತ್ತು, ಅದರ ಗಾಜಿನೊಳಗೆ ನೋಡುತ್ತ ಕುಳಿತೆ. ಆ ಗಾಜಿನಲ್ಲೇ ಕರಿಯ ಗಂಡು ಮುಂಗಾಲು ಮಡಚಿ ಬಿದ್ದದ್ದನ್ನು ಕಂಡೆ. ಸದ್ದು ಆಮೇಲೆ ಬಂದಂತೆ ನೆನಪು.

ಹಿಂಡು ಓಡಿತು. ಐವತ್ತು ಹೆಜ್ಜೆ ಓಡಿ ನಿಂತು, ತಿರುಗಿ ಬಂಡಿಯನ್ನು ನೋಡಿತು. ಬಂಡಿಯಿಂದ ಇಂಥದು ಬರುತ್ತದೆ ಎಂಬುದು ಅವಕ್ಕೆ ಹೊಳೆಯಲೇ ಇಲ್ಲ. ಒಂದೆರಡು ಮತ್ತೆ ನಮ್ಮ ಕಡೆಗೇ ಹೆಜ್ಜೆ ಹಾಕಿದವು. ಸಾಹೇಬರು ಮತ್ತೆ ಬಂದೂಕಿಗೆ ತೋಟಾ ತುಂಬುತ್ತಿದ್ದರು.

ಮುತ್ಯಾ ಹಗ್ಗ ಬಿಟ್ಟು ಧುಮುಕಿದರು. ಎಪ್ಪತ್ತರ ಹತ್ತಿರದ ಮುದುಕ, ಮಣ್ಣಿನ ಹೆಂಟೆ ಎತ್ತಿ ಎತ್ತಿ ಬೀಸುತ್ತ ಹಿಂಡಿನ ಮೇಲೆ ಓಡಿದರು.

"ಓಡ್ರೀ! ಏನ್ ನೋಡಾಕತ್ತೀರಿ, ನಿಮ್ಮ ಬಾಯಾಗ ಮಣ್ಣು ಹಾಕ! ಓಡ್ರೀ!"

ಅವು ಹೋದವು. ಸಾಹೇಬರು ಮುತ್ಯಾನ ಮೇಲೆ ಸಿಟ್ಟಾಗಲಿಲ್ಲ, ನಕ್ಕರು. ಸತ್ತ ಚಿಗರಿಯ ಮೇಲೆ ಕಾಲಿಟ್ಟು ನಿಂತು ಫೋಟೋ ತೆಗೆ ಎಂದರು. ತೆಗೆದೆ. ತೊಳೆದಾಗ ನೋಡಿದರೆ ನನ್ನ ನೆರಳು ಉದ್ದಕ್ಕೂ ಚಿಗರಿಯ ಮೇಲೆ ಬಿದ್ದಿತ್ತು. ದೂರದಲ್ಲಿ ಕೈ ಎತ್ತಿದ ಒಂದು ಮಸುಕು ಆಕೃತಿ ಇತ್ತು, ಅದು ಮುತ್ಯಾ. "ಬರೋ ಶುಕ್ರವಾರ ದೋಸ್ತರನ್ನ ಕರ್ಕೊಂಡು ಬರ್ತೀನಿ" ಎಂದು ಹೇಳಿ ಸಾಹೇಬರು ಟಾಂಗಾ ಹತ್ತಿದರು.

ಮುತ್ಯಾ ಏದುಸಿರು ಬಿಡುತ್ತ ಬಂದು ಬಂಡಿಯ ಅಂಚು ಹಿಡಿದು ನಿಂತರು.

"ಕ್ಯಾಮೆರಾದ ಕಾಲು ಭಾರೀ ಗಟ್ಟಿ ಅದ, ತಮ್ಮಾ."

ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ಮತ್ತೆ ಅವರಾಡಿದ್ದು ಇಷ್ಟೇ: "ಶುಕ್ರವಾರಕ್ಕ ಐದು ದಿನ ಅದ. ರಜಾ ಹಾಕಿ ಬಾ. ಅವುಕ್ಕ ಅಂಜೂದು ಕಲಿಸಬೇಕು."

ಹೋದೆ. ಜ್ವರವೆಂದು ಚೀಟಿ ಬರೆದು ರಜೆ ಪಡೆದೆ. ದಿನಾ ಬೆಳಿಗ್ಗೆ ಮತ್ತು ಇಳಿಹೊತ್ತು ಅದೇ ಬಂಡಿ, ಅವೇ ಎತ್ತು. ಈ ಸಲ ಸುತ್ತು ಹಾಕದೆ ನೇರ ಹಿಂಡಿನ ಮೇಲೆ. ನಾನು ಬಂಡಿಯಲ್ಲಿ ನಿಂತು ಖಾಲಿ ಡಬ್ಬ ಬಡಿದು ಚೀರಬೇಕು, ಹೆಂಟೆ ಎಸೆಯಬೇಕು. ಮುತ್ಯಾ ಎತ್ತುಗಳ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಮೊದಲ ದಿನ ಅವು ಸ್ವಲ್ಪ ಸರಿದು ನಿಂತು ನಮ್ಮ ಆಟ ನೋಡಿದವು. ಮೂರನೆಯ ದಿನಕ್ಕೂ ಒಂದು ಹೆಣ್ಣು ಚಿಗರಿ, ಮಗ್ಗುಲಲ್ಲಿ ಮರಿ ಇದ್ದದ್ದು, ಕದಲಲೇ ಇಲ್ಲ. ಹತ್ತು ಹೆಜ್ಜೆಗೆ ಬಂದರೂ ನಿಂತೇ ಇತ್ತು. ಮುತ್ಯಾ ನನ್ನ ಕಡೆ ನೋಡದೆ, "ಹೊಡಿ" ಎಂದರು. ಹೆಂಟೆ ಅದರ ಭುಜಕ್ಕೆ ತಾಗಿ ಪುಡಿಯಾಯಿತು. ಬೆಚ್ಚಿಬಿದ್ದು, ನನ್ನನ್ನೊಮ್ಮೆ ನೋಡಿ, ಮರಿಯನ್ನು ಮುಂದೆ ಮಾಡಿಕೊಂಡು ಓಡಿತು. ಅಷ್ಟು ಹತ್ತಿರದಿಂದ ಮತ್ತೆಂದೂ ನಾನು ಚಿಗರಿಯನ್ನು ನೋಡಿಲ್ಲ.

ಶುಕ್ರವಾರ ಸಾಹೇಬರು ಇಬ್ಬರು ದೋಸ್ತರೊಂದಿಗೆ ಬಂದರು. ಜ್ವರದ ಚೀಟಿ ನೆನಪಾಗಿ ನಾನು ಹುಲ್ಲಿನ ಬಣವೆಯ ಹಿಂದೆ ಅಡಗಿ ಕುಳಿತೆ. ಮುತ್ಯಾ ಕೈಮುಗಿದು, "ಬರ್ರಿ ಸಾಹೇಬ್ರ, ಬಂಡಿ ತಯಾರ್ ಅದ" ಎಂದು ಕೂರಿಸಿಕೊಂಡು ಹೋದರು. ಬಂಡಿ ಹೊಲದ ಬದು ದಾಟುವ ಮೊದಲೇ ಹಿಂಡು ಹುಲಸೂರಿನ ದಿಕ್ಕಿಗೆ ಧೂಳೆಬ್ಬಿಸಿ ಹೋಯಿತು. ಎರಡು ತಾಸು ತಿರುಗಿ ಸಾಹೇಬರು ಬರಿಗೈಯಲ್ಲಿ ಇಳಿದರು. "ಏನ್ ಮಾಡೂದ್ರಿ, ಕಾಡಿನ ಜೀವ, ಯಾರ ಮಾತು ಕೇಳ್ತಾವ" ಎಂದು ಮುತ್ಯಾ ಎನ್ನುತ್ತಿದ್ದದ್ದು ಬಣವೆಯ ಹಿಂದೆ ನನಗೆ ಕೇಳಿಸಿತು.

ಮಧ್ಯಾಹ್ನ ಮನೆಯಲ್ಲಿ ಇಬ್ಬರೂ ಊಟಕ್ಕೆ ಕುಳಿತೆವು. ಆಯಿ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ ಬೆನ್ನು ಸವರಿದರು.

"ಎಷ್ಟು ಬಾಡಿ ಹೋಗ್ಯಾದ ನನ್ನ ಕೂಸು. ಆ ಸಾಹೇಬ ನಮಗೂ ಮೋಸ ಮಾಡ್ದ, ಇವಗೂ ಮೋಸ ಮಾಡ್ದ. ಪಾಪ, ಇವಗೇನ್ ಗೊತ್ತು ಅದರಾಗ ಬಂದೂಕ ಅದ ಅಂತ? ಹೌದಿಲ್ರಿ?"

ಆಗ ತಿಳಿಯಿತು, ನನ್ನ ಸುಳ್ಳನ್ನು ಮುತ್ಯಾ ಆಯಿಗೆ ಹೇಳಿರಲಿಲ್ಲ. ಅವರು ತುತ್ತು ಕೈಯಲ್ಲೇ ಹಿಡಿದು ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವರು ಕಾಯುತ್ತಿದ್ದರು. ಹೇಳಲು ಸಾಕಷ್ಟು ಹೊತ್ತು ಕೊಟ್ಟರು.

ನಾನು ಇನ್ನೊಂದು ರೊಟ್ಟಿ ಕೇಳಿದೆ.

ಮುತ್ಯಾ ತಾಟಿನಲ್ಲೇ ಕೈ ತೊಳೆದು ಎದ್ದು ಎತ್ತುಗಳ ಕಡೆ ಹೋದರು. ಆಯಿ ಬದುಕಿದ್ದಷ್ಟು ವರ್ಷ ಎಳ್ಳ ಅಮಾವಾಸ್ಯೆಗೆ ಕರೆ ಕಳಿಸುತ್ತಿದ್ದರು, "ಮನಸ್ಸಿಗೆ ಹಚ್ಚಿಕೋಬ್ಯಾಡ, ನಿನ್ನ ತಪ್ಪೇನದ, ಬಾ" ಎಂದು. ಪ್ರತಿ ವರ್ಷವೂ ಕಚೇರಿಯಲ್ಲಿ ಕೆಲಸವಿದೆ ಎಂದು ಹೇಳಿ ಕಳಿಸಿದೆ.