ಓರಗಿತ್ತಿ ಪದಗಳ ಮೇಡಂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಲಾಂಡ್ರಿ ಕೋಣೆಯಲ್ಲಿ ಬಟ್ಟೆ ಒಣಗಿಸುವ ಯಂತ್ರದ ಬಾಗಿಲೇ ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಎರಡು ಇಂಗ್ಲಿಷ್ ಪದಗಳಿವೆ: ಡೋಸ್, ಡೋಜ್. ಬರೆದವರು ನೀಲಿ ಸಮವಸ್ತ್ರದ, ಐವತ್ತು ದಾಟಿದ ಹೆಂಗಸು. ದಿನವಿಡೀ ರೋಗಿಗಳ ಹೊದಿಕೆ ಒಗೆದು ಮಡಚುವುದು ಅವರ ಕೆಲಸ. ಪಾಳಿ ಶುರುವಾಗುವ ಮುನ್ನ ಒಂದು ತಾಸು ಮಾತ್ರ ಅವರು ಎಲ್ಲರಿಗೂ ‘ಮೇಡಂ’.

“ಮೊದಲನೇದು ಔಷಧಿ ಅಳತೆ, ಎರಡನೇದು ತೂಕಡಿಸೋದು. ನೋಡೋಕೆ ಒಂದೇ ಥರ, ಗುಣ ಬೇರೆ. ಒಂದೇ ಮನೆಗೆ ಬಂದ ಓರಗಿತ್ತಿಯರ ಹಾಗೆ,” ಎನ್ನುತ್ತಾರೆ. ಬೋರಲು ಹಾಕಿದ ಬುಟ್ಟಿಗಳ ಮೇಲೆ ಕೂತ ಏಳೆಂಟು ಜನ ನಗುತ್ತಾರೆ. ಹಿಂದೆ ಕೂತ ಒಬ್ಬಾಕೆ ಮಾತ್ರ ಈ ಮಾತಿಗೆ ಮೊದಲೆಲ್ಲ ನಗುತ್ತಿರಲಿಲ್ಲ. ಆಕೆ ಮೇಡಂ ಅವರ ಸ್ವಂತ ಓರಗಿತ್ತಿ, ಮೈದುನನ ಹೆಂಡತಿ.

ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟ ಮೇಡಂ ಇಂಗ್ಲಿಷ್ ಕಲಿತದ್ದು ಮಗಳ ಪಠ್ಯಪುಸ್ತಕಗಳಿಂದ. ಇಲ್ಲಿ ನೆಲ ಒರೆಸುವವರು, ಬಟ್ಟೆ ಒಗೆಯುವವರು ವಾರ್ಡ್ ಸಹಾಯಕಿಯರಾಗಬೇಕಾದರೆ ಇಂಗ್ಲಿಷ್ ಪರೀಕ್ಷೆ ದಾಟಬೇಕು. ಅದರಲ್ಲಿ ಎಲ್ಲರೂ ಮುಗ್ಗರಿಸುವುದು ಇಂಥ ಜೋಡಿ ಪದಗಳಲ್ಲೇ. ಮೇಡಂ ಅವುಗಳನ್ನು ಬಾಯಿಪಾಠ ಮಾಡಿಸುವುದಿಲ್ಲ, ನಟನೆ ಮಾಡಿಸುತ್ತಾರೆ. ಒಬ್ಬಳು ಚಮಚ ಹಿಡಿದು ‘ಡೋಸ್’ ಕೊಟ್ಟರೆ ಇನ್ನೊಬ್ಬಳು ಗೊರಕೆ ಹೊಡೆಯುತ್ತಾಳೆ. ಕ್ವೈಟ್ (ಸಾಕಷ್ಟು), ಕ್ವಯೆಟ್ (ನಿಶ್ಶಬ್ದ) ಪಾಠದ ದಿನ ಸುಮ್ಮನಿರುವ ಪಾತ್ರ ಓರಗಿತ್ತಿಗೇ ಬಂತಂತೆ. ಅದಕ್ಕೆ ಆಕೆಗೆ ತಾಲೀಮು ಬೇಕಿರಲಿಲ್ಲ. ಅಡುಗೆಮನೆಯ ಒಂದು ಕಪಾಟಿನ ಜಗಳದಿಂದಾಗಿ ಇಬ್ಬರೂ ಮನೆಯಲ್ಲಿ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

“ಇಲ್ಲಿ ಬಂದ್ರೆ ‘ಮೇಡಂ, ಇದೇನು?’ ಅಂತಿದ್ಲು. ಮನೇಲಿ ಗೋಡೆ ನೋಡ್ಕೊಂಡು ಹೋಗ್ತಿದ್ಲು,” ಎಂದು ಮೇಡಂ ನಗುತ್ತಾರೆ. ಆದರೆ ಪರೀಕ್ಷೆ ಹತ್ತಿರ ಬಂದಂತೆ ಆ ನಗು ಬಾಡಿತ್ತು. ಇವರ ಪಾಠ ಕೇಳಿ ಈಗಾಗಲೇ ಹನ್ನೊಂದು ಜನ ವಾರ್ಡು ಸೇರಿದ್ದಾರೆ. ಇವಳೊಬ್ಬಳು ಫೇಲಾದರೆ?

“ಅತ್ತೆ, ಮೈದುನ ಎಲ್ಲಾ ಏನಂತಾರೆ? ಹೊಟ್ಟೆಕಿಚ್ಚಿಗೆ ಬೇಕಂತಲೇ ತಪ್ಪು ಹೇಳಿಕೊಟ್ಲು ಅಂತಾರೆ. ಆಮೇಲೆ ಇವಳ ಜೊತೆ ಮಾತು ಈ ಜನ್ಮಕ್ಕಿಲ್ಲ. ದಿನಾ ಇದೇ ಯೋಚನೆ ಆಗಿತ್ತು.”

ಕಳೆದ ವಾರ ಫಲಿತಾಂಶ ಬಂತು. ಓರಗಿತ್ತಿ ಫೇಲಾದಳು.

ಅಂದು ಸಂಜೆ ಮೇಡಂ ಅಳುಕುತ್ತಲೇ ಮನೆಗೆ ಹೋದರು. ಅಂದುಕೊಂಡಂತೆಯೇ ಆಯಿತು. ಚಪ್ಪಲಿ ಕಳಚುವಷ್ಟರಲ್ಲಿ ಅತ್ತೆ, “ಏನಮ್ಮಾ, ಚೆನ್ನಾಗಿ ಕಲಿಸಿದೆ” ಎಂದು ಕುಟುಕಿದರು. ಮೇಡಂ ಬಾಯಿ ತೆರೆಯುವ ಮುನ್ನವೇ ಒಳಗಿನಿಂದ ಓರಗಿತ್ತಿ ಬಂದು ನಡುವೆ ನಿಂತಳು.

“ಅತ್ತೆ, ಅಕ್ಕನ್ನ ಏನೂ ಅನ್ಬೇಡಿ. ಅಕ್ಕ ಸರಿಯಾಗೇ ಹೇಳಿಕೊಟ್ಟಿದ್ರು. ಪೇಪರ್ ನೋಡಿ ನನ್ನ ಕೈಕಾಲೇ ತಣ್ಣಗಾಯ್ತು.”

ಇದನ್ನು ಹೇಳುವಾಗ ಮೇಡಂ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ಕಣ್ಣೂ ಒದ್ದೆಯಾಗುತ್ತದೆ.

ಮುಂದಿನ ಪರೀಕ್ಷೆ ಆರು ತಿಂಗಳ ನಂತರ. ಈಗ ಇಬ್ಬರೂ ಒಂದೇ ಬಸ್ಸಿನಲ್ಲಿ, ಅಕ್ಕಪಕ್ಕದ ಸೀಟಿನಲ್ಲಿ ಕೂತು ಬರುತ್ತಾರೆ. ದಾರಿಯುದ್ದಕ್ಕೂ ಬಾಯಿಗೆ ಬಿಡುವಿಲ್ಲ, ಅದರಲ್ಲಿ ಪಾಠ ಎಷ್ಟೋ ಅತ್ತೆಯ ಸುದ್ದಿ ಎಷ್ಟೋ. ನಿಮ್ಮ ಆಸೆ ಏನು ಎಂದು ಕೇಳಿದರೆ ಮೇಡಂ ಯಂತ್ರದೊಳಗಿನ ಬಿಸಿ ಹೊದಿಕೆಗಳನ್ನು ಬಾಚಿ ತೆಗೆಯುತ್ತಾ ಉತ್ತರಿಸುತ್ತಾರೆ:

“ಪಾಸಾಗ್ಲಿ ಅಂತಾನೇ ಆಸೆ. ಆದ್ರೆ ಪಾಸಾದ್ರೆ ಅವಳ ಪಾಳಿ ಬದಲಾಗುತ್ತೆ, ನನ್ನ ಜೊತೆ ಬರೋದು ನಿಂತುಹೋಗುತ್ತೆ.”