ಹನ್ನೆರಡು ಹೆಸರು, ಒಂದೇ ರಕ್ತ

1996ರಲ್ಲಿ ನಾನು ಚಿತ್ತಾಪುರ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ವಿಭಾಗದ ದಿನಗೂಲಿ ಕೆಲಸಗಾರನಾಗಿದ್ದೆ. ಓದಿದ್ದು ಏಳನೆಯ ಇಯತ್ತೆ. ಎರಡು ವರ್ಷ ಡಿಡಿಟಿ ಸಿಂಪಡಿಸಿದ ಮೇಲೆ ಸ್ಲೈಡ್ ಪೆಟ್ಟಿಗೆ ಕೈಗೆ ಬಂದಿತ್ತು. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಬಳಿಯಬೇಕು. ಅದೇ ಸ್ಲೈಡ್. ಹೆಸರು, ತಾರೀಖು ರಜಿಸ್ಟರಿನಲ್ಲಿ ಬರೆದು ಲ್ಯಾಬಿಗೆ ಒಪ್ಪಿಸಬೇಕು. ತಿಂಗಳಿಗೆ ಇಷ್ಟು ಸ್ಲೈಡ್ ಎಂಬ ಗುರಿ ಇತ್ತು.

ಕಾಗಿಣಾ ಹೊಳೆ ದಾಟಿ ಹೋಗುವ ಲಂಬಾಣಿ ತಾಂಡಾಗಳು ನನ್ನ ಪಾಲಿಗಿದ್ದವು. ಬಿಸಿಲಲ್ಲಿ ಅಷ್ಟು ದೂರ ನಡೆಯುವುದು ನನಗೆ ಬೇಡವಾಗಿತ್ತು. ಮನೆಯಲ್ಲೇ ಒಂದು ಜ್ವರ ಇತ್ತು.

ನನ್ನ ತಂಗಿ ಸುಂದ್ರಾಬಾಯಿಗೆ ಆಗ ಹತ್ತೊಂಬತ್ತು ವರ್ಷ. ವಾಡಿಯ ಒಂದು ಅಂಗಡಿಗೆ ಜಂಪರ್ ಹೊಲಿದು ಕೊಡುತ್ತಿದ್ದಳು. ಸಣ್ಣವಳಿದ್ದಾಗಿನಿಂದ ಆಗಾಗ ಅವಳಿಗೆ 103 ಡಿಗ್ರಿ ಜ್ವರ ಬರುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಮಲಗುವಳು. ಮೊಣಕಾಲು ಬಾತು ಮಷೀನು ತುಳಿಯಲು ಆಗುತ್ತಿರಲಿಲ್ಲ. ಎರಡು ಮೂರು ದಿನಕ್ಕೆ ಯಾರೋ ದೀಪ ಆರಿಸಿದ ಹಾಗೆ ಎಲ್ಲ ಇಳಿಯುತ್ತಿತ್ತು. ಕ್ಷಯವಿರಬಹುದೆಂದು ಆರು ತಿಂಗಳು ಗುಳಿಗೆ ನುಂಗಿಸಿದ್ದೂ ಆಗಿತ್ತು.

ಜ್ವರ ಏರಿದ ದಿನ ನಾನು ಪೆಟ್ಟಿಗೆ ತೆಗೆದುಕೊಂಡು ಅವಳ ಪಕ್ಕ ಕೂರುತ್ತಿದ್ದೆ. ಒಂದು ಬೆರಳಿನಿಂದ ಹನ್ನೆರಡು ಸ್ಲೈಡ್. ರಜಿಸ್ಟರಿನಲ್ಲಿ ತಾಂಡಾದ ಹನ್ನೆರಡು ಹೆಸರು. ಜ್ವರ ಖರೆ ಇತ್ತು, ರಕ್ತ ಖರೆ ಇತ್ತು, ಹೆಸರು ಮಾತ್ರ ಸುಳ್ಳು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ತಿಂಗಳ ಕೊನೆಗೆ ಗುರಿ ಮುಟ್ಟದಿದ್ದರೆ, ಅವಳಿಗೆ ಇನ್ನೂ ಜ್ವರ ಯಾಕೆ ಬರಲಿಲ್ಲ ಎಂದು ಕಾದದ್ದೂ ಉಂಟು.

"ಅಣ್ಣಾ, ಈ ಬೆರಳ ಕಡ್ಕೊಂಡು ಪೆಟಗ್ಯಾಗ ಇಟ್ಕೊ. ನಿನಗ ಬರೋ ತ್ರಾಸ ತಪ್ತದ" ಎಂದು ಅವಳು ಆ ಜ್ವರದಲ್ಲೂ ಚುಡಾಯಿಸುತ್ತಿದ್ದಳು.

ಒಮ್ಮೆ ಲ್ಯಾಬ್ ಟೆಕ್ನಿಷಿಯನ್ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಕೇಳಿದ: "ಏನಪಾ ಮಲೇರಿಯಾ ಸಾಬ್, ನಿಮ್ಮ ತಾಂಡಾದಾಗ ಎಲ್ಲಾರಿಗೂ ಒಮ್ಮಿಗೇ ಬಿಳಿ ಕಣ ಏರ್ಯಾವಲ್ಲ. ದಾವತ್ ಗೀವತ್ ಇತ್ತೇನು?" ನಾನೂ ನಕ್ಕೆ. ಮಲೇರಿಯಾದ ಜೀವಿ ಕಾಣದ ಕಾರಣ ಅವನು 'ನೆಗೆಟಿವ್' ಎಂದು ಬರೆದ. ಮಾತು ಅಲ್ಲಿಗೇ ನಿಂತಿತು.

2001ರಲ್ಲಿ ಸುಂದ್ರಾಳ ಪಾದ ಬಾತವು. ನಮ್ಮ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರ್ ಬಾಯಿಯವರು ಮೂತ್ರ ಪರೀಕ್ಷೆ ಮಾಡಿಸಿ ನಮ್ಮಿಬ್ಬರನ್ನೂ ಕೂರಿಸಿದರು.

"ಪ್ರೋಟೀನ್ ಹೋಗ್ಲಿಕತ್ತದ. ಕಿಡ್ನಿ ಕೆಡ್ಲಿಕತ್ತಾವ. ಜ್ವರ ಎಷ್ಟು ದಿನಕ್ಕೊಮ್ಮಿ ಬರ್ತದ, ಎಷ್ಟು ದಿನ ಇರ್ತದ, ನನಗ ತಾರೀಖು ಬೇಕಮ್ಮ. ತಾರೀಖು ಸಿಕ್ಕರ ರೋಗ ಸಿಗ್ತದ."

"ತಾರೀಖ್ ಯಾರ್ ನೆನಪಿಡ್ತಾರ್ರೀ ಬಾಯಿ" ಎಂದಳು ಸುಂದ್ರಾ. "ಜ್ವರ ಬಂದಾಗ ಅಣ್ಣ ಬೆರಳು ಚುಚ್ತಿದ್ದ. ಅಷ್ಟೇ ಗೊತ್ತದ."

ತಾರೀಖುಗಳು ಪಕ್ಕದ ಕೋಣೆಯ ಕಪಾಟಿನ ರಜಿಸ್ಟರುಗಳಲ್ಲಿದ್ದವು, ಐದು ವರ್ಷದವು. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವಳ ಕಿಡ್ನಿ. ಇದರಲ್ಲಿ ಯೋಚಿಸುವುದೇನಿತ್ತು? ಆದರೂ ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಅರ್ಧ ತಾಸು ನಿಂತಿದ್ದೆ. ಆ ಅರ್ಧ ತಾಸನ್ನೂ ಇಲ್ಲಿ ಬರೆಯಬೇಕು.

ಆಮೇಲೆ ರಜಿಸ್ಟರುಗಳನ್ನು ತಂದು ಮೇಜಿನ ಮೇಲಿಟ್ಟೆ. "ಇವು ತಾಂಡಾದವರ ರಕ್ತ ಅಲ್ರೀ. ಗುರುತು ಹಾಕಿ ಕೊಡ್ತೀನಿ. ಎಲ್ಲಾ ಇಕೀದೇ."

ಡಾಕ್ಟರ್ ಬಾಯಿಯವರು ನಾನು ಗುರುತು ಹಾಕಿದ ತಾರೀಖುಗಳನ್ನು ಒಂದು ಕಾಗದಕ್ಕೆ ಇಳಿಸಿದರು. ಪೆನ್ಸಿಲ್ ಹಿಡಿದು ಎಣಿಸಿದರು. ಇಪ್ಪತ್ತೊಂದು ದಿನ, ಇಪ್ಪತ್ತನಾಲ್ಕು, ಇಪ್ಪತ್ತೆರಡು. ಪುಟ ತಿರುವಿದಂತೆ ಅದೇ ಅಂತರ ಮತ್ತೆ ಮತ್ತೆ ಬಂತು. "ಇಂಥಾ ದಾಖಲೆ ದೊಡ್ಡ ಆಸ್ಪತ್ರ್ಯಾಗೂ ಸಿಗಂಗಿಲ್ಲ" ಎಂದರು. "ನಿನಗ ಶಾಬಾಷ್ ಅನ್ಲೋ, ಪೊಲೀಸರನ್ನ ಕರೀಲೋ?"

ಮುಂದಿನ ಜ್ವರದಲ್ಲಿ ಅವರೇ ಸ್ಲೈಡ್ ಮಾಡಿ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಐದು ವರ್ಷ ಗಾಜು ಹೊತ್ತವನು ಒಮ್ಮೆಯೂ ಒಳಗೆ ಇಣುಕಿರಲಿಲ್ಲ. ಬಿಳಿ ಕಣಗಳ ನೇರಳೆ ಬಣ್ಣದ ತಿರುಳುಗಳು, ಒಂದೊಂದೂ ಮೂರು ನಾಲ್ಕು ಗಂಟು ಹಾಕಿದ ದಾರದ ಹಾಗೆ, ಎಲ್ಲಿ ನೋಡಿದರೂ ಅವೇ. ಕೀಟವಿಲ್ಲ, ಹುಳವಿಲ್ಲ. ಶತ್ರುವೇ ಇಲ್ಲದೆ ಒಂದು ಸೈನ್ಯ ಎದ್ದು ನಿಂತಿತ್ತು. ನನ್ನ ಉಸಿರು ತಾಗಿ ಗಾಜು ಮಂಜಾಯಿತು. ಒರೆಸಿ ಮತ್ತೆ ನೋಡಿದೆ.

ಅವರು ನಮ್ಮಿಬ್ಬರನ್ನು ಸೇಡಂ ಮೇಲೆ ಹೋಗುವ ರೈಲಿನಲ್ಲಿ ಹೈದರಾಬಾದಿಗೆ ಕಳಿಸಿದರು. ಅಲ್ಲಿ ರೋಗಕ್ಕೆ ಹೆಸರು ಸಿಕ್ಕಿತು: ಫ್ಯಾಮಿಲಿಯಲ್ ಮೆಡಿಟರೇನಿಯನ್ ಫೀವರ್. ವಂಶದಲ್ಲಿ ಬಂದು, ಸರದಿಯ ಮೇಲೆ ಮರಳುವ ಜ್ವರ. ಅಪ್ಪನಿಂದ ಒಂದು, ಅವ್ವನಿಂದ ಒಂದು, ತಪ್ಪಿದ ಜೀನ್ ಎರಡೂ ಅವಳಿಗೆ ಬಿದ್ದಿದ್ದವು. ನನಗೂ ಒಂದು ಬಿದ್ದಿರಬಹುದು ಎಂದರು. ಕಾಲ್ಚಿಸಿನ್ ಎಂಬ ಸಣ್ಣ ಗುಳಿಗೆ ದಿನಾ ನುಂಗಬೇಕು. ಇಪ್ಪತ್ತೆರಡನೆಯ ದಿನ ಬಂತು, ಜ್ವರ ಬರಲಿಲ್ಲ. ಇಪ್ಪತ್ತೈದು, ಮೂವತ್ತು. ಅವಳು ಮಷೀನು ತುಳಿಯುತ್ತಿದ್ದಳು. ಕಿಡ್ನಿಗೆ ಆದ ನಷ್ಟ ಮಾತ್ರ ಪೂರ್ತಿ ತಿರುಗಿ ಬರಲಿಲ್ಲ. ಎರಡು ವರ್ಷ ಮೊದಲು ಬಂದಿದ್ದರೆ, ಎಂದು ಅಲ್ಲಿಯ ಡಾಕ್ಟರು ಹೇಳತೊಡಗಿ ನನ್ನ ಮುಖ ನೋಡಿ ನಿಲ್ಲಿಸಿದರು.

ಕೆಲ ವರ್ಷಗಳ ನಂತರ, ಹೈದರಾಬಾದಿಗೆ ತಪಾಸಣೆಗೆ ಹೋದಾಗ ಆ ಡಾಕ್ಟರೇ ಇನ್ನಷ್ಟು ಬಿಡಿಸಿ ಹೇಳಿದರು. ನಾನು ಕಂಡ ಬಗೆಯ ಬಿಳಿ ಕಣದ ಆಯುಷ್ಯ ಬಹಳವೆಂದರೆ ಕೆಲವು ದಿನ. ಸಾಮಾನ್ಯವಾಗಿ ಅದು ಸದ್ದಿಲ್ಲದೆ ಸಾಯುತ್ತದೆ. ಬೇರೆ ಕಣಗಳು ಬಂದು ನುಂಗಿ ಜಾಗ ಸ್ವಚ್ಛ ಮಾಡುತ್ತವೆ. ಸುಂದ್ರಾಳ ಕಣಗಳೊಳಗಿನ ಕಾವಲುಗಾರ ಪ್ರೋಟೀನು ಕಾರಣವಿಲ್ಲದೆ ಬೆದರುತ್ತದೆ. ಆಗ ಕಣದ ಗೋಡೆಗೆ ತೂತು ಬಿದ್ದು, ಅದು ಉಬ್ಬಿ ಒಡೆಯುತ್ತದೆ. ಒಳಗಿನಿಂದ ಚೆಲ್ಲಿದ್ದು ಮೈಯೆಲ್ಲ ಬೆಂಕಿ ಬಿದ್ದಿದೆ ಎಂದು ಕೂಗುತ್ತದೆ. ಆ ಕೂಗೇ ಜ್ವರ. ಕಣ್ಣಿಗೆ ಕಾಣದ ಒಂದು ಸಾವು ಅಷ್ಟು ದೊಡ್ಡ ಹೆಣ್ಣುಮಗಳನ್ನು ಹಾಸಿಗೆಗೆ ಕೆಡವುತ್ತಿತ್ತು. ಕೇಳುತ್ತಾ ನನಗೆ ಕೈ ಮುಗಿಯಬೇಕೆನಿಸಿತು, ಯಾರಿಗೆಂದು ತಿಳಿಯಲಿಲ್ಲ.

2001ರಲ್ಲೇ ವಿಚಾರಣೆ ನಡೆದು ಸ್ಲೈಡ್ ಪೆಟ್ಟಿಗೆ ಕಸಿದುಕೊಂಡು, ನನ್ನನ್ನು ಮತ್ತೆ ಸಿಂಪಡಣೆಗೆ ಹಾಕಿದ್ದರು. ತಾಂಡಾಗಳಲ್ಲಿ ನಾನು ನೋಡದೆ ಬಿಟ್ಟ ಜ್ವರಗಳೆಷ್ಟೋ, ಅವುಗಳ ಲೆಕ್ಕ ಯಾರಲ್ಲೂ ಇಲ್ಲ. ನನಗಾದದ್ದು ಕಡಿಮೆ ಶಿಕ್ಷೆ.

ಕೆಲಸ ನನಗೆ ಕಲಿಸಿದ್ದು ಇಷ್ಟು: ನೆಗೆಟಿವ್ ಎಂದರೆ ಕೇಳಿದ ಒಂದು ಪ್ರಶ್ನೆಗೆ ಇಲ್ಲ ಎಂದು, ಮನುಷ್ಯನಿಗೆ ಏನೂ ಆಗಿಲ್ಲ ಎಂದಲ್ಲ. ಸುಂದ್ರಾ ನನ್ನನ್ನು ಬೈಯಲಿಲ್ಲ. ಒಂದು ಮಧ್ಯಾಹ್ನ ಹೊಲಿಯುತ್ತಾ ಕೇಳಿದಳು: "ಅಣ್ಣಾ, ಅಷ್ಟ್ ಮಂದಿ ಹೆಸರು ಬರ್ದಿದ್ಯಲ್ಲ. ಒಮ್ಮಿಯಾದ್ರೂ ನನ್ನ ಹೆಸರು ಬರ್ದಿದ್ಯೇನು?"

ಬರೆದಿರಲಿಲ್ಲ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಯಾರಾದರೂ ಕೇಳಿಯಾರು ಎಂಬ ಹೆದರಿಕೆ. ಯಾರಾದರೂ ಕೇಳಿದ್ದರೆ ಅವಳ ಕಿಡ್ನಿ ಅಂದೇ ಉಳಿಯುತ್ತಿದ್ದವು.