ಆವಿಗೆಯ ಗೋಡೆಗೆ ಕಿವಿಯಿಟ್ಟವರು

ನಮ್ಮ ಮೇಷ್ಟ್ರ ಬಲಗಿವಿಗೆ ಸದಾ ಕೆಮ್ಮಣ್ಣು ಮೆತ್ತಿರುತ್ತಿತ್ತು. ಅಗೆದ ಗುಂಡಿಗೆ ಯಾರನ್ನಾದರೂ ಇಳಿಸುವ ಮೊದಲು ಅದರ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು. ಸದ್ದು ಪೊಳ್ಳೆನಿಸಿದರೆ ಮುಗಿಯಿತು, ಅವತ್ತಿನ ಕೆಲಸ ಬಂದ್. ಪುರಾತತ್ವ ಕಲಿಸುವವರು ಇಷ್ಟೊಂದು ಪುಕ್ಕಲರೇ ಎಂದು ನಾವು ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಿದ್ದೆವು.

ನಗರಗೆರೆ ಹತ್ತಿರದ ಹೊಲವೊಂದರ ದಿಬ್ಬದಲ್ಲಿ ಆವಿಗೆ ಸಿಕ್ಕಿತು. ಪಾಳೆಯಗಾರರಿಗೂ ಹಿಂದಿನ ಕಾಲದ ಕುಂಬಾರರು ಮಡಕೆ ಸುಟ್ಟ ಗೂಡು. ಬೆಂಕಿಯೂಡುವ ಬಾಯಿ, ಬೂದಿಯ ಪದರ, ಬೆಂದು ಇಟ್ಟಿಗೆಯಂತಾದ ಗೋಡೆ, ಎಲ್ಲ ಇತ್ತು. ಆದರೆ ಗೋಡೆಯ ಅರ್ಧ ಒಳಕ್ಕೆ ಕುಸಿದು, ಜೋಡಿಸಿಟ್ಟ ಮಡಕೆಗಳು ಅದರಡಿ ಅಪ್ಪಚ್ಚಿಯಾಗಿದ್ದವು. ಎಷ್ಟೋ ಮಡಕೆ ಅರೆಬೆಂದಿದ್ದವು. ಉರಿಯುತ್ತಿರುವಾಗಲೇ ಬಿದ್ದಿದೆ ಎಂದರು ಮೇಷ್ಟ್ರು. ನಮಗೋ ಸಂಭ್ರಮ. ಅವರ ಮುಖ ಬಿಳಿಚಿಕೊಂಡಿತ್ತು.

"ಅಡೀಲಿ ಯಾರೂ ಸಿಕ್ಕಾಕ್ಕೊಂಡಿರ್ದೆ ಇದ್ರೆ ಸಾಕು ಕಣ್ರಪ್ಪ."

ಎಲ್ಲಿ ಮೂಳೆ ಸಿಕ್ಕಿಬಿಡುತ್ತದೋ ಎಂಬ ಭಯಕ್ಕೆ ಅವರಿಗೆ ಊಟವೂ ಸೇರುತ್ತಿರಲಿಲ್ಲ.

ಮಳೆ ಬಿದ್ದ ಮಾರನೆಯ ಮಧ್ಯಾಹ್ನ ನಾನು ಗುಂಡಿಯ ತಳದಲ್ಲಿ ಕೂತು ಬ್ರಶ್ಶಿನಿಂದ ಬೂದಿ ಸರಿಸುತ್ತಿದ್ದೆ. ಕತ್ತಿನ ಮೇಲೆ ಸಣ್ಣಗೆ ಮಣ್ಣು ಉದುರಿತು. ತಲೆಯೆತ್ತಿದರೆ, ಗುಂಡಿಯ ಗೋಡೆಯಲ್ಲೊಂದು ಬಿರುಕು. ನೋಡುತ್ತಿದ್ದಂತೆ ಅಗಲವಾಯಿತು.

"ಮೇಲಕ್ ಬಾಮ್ಮಾ! ಮಡಕೆ ಹಾಳಾಗೋಗ್ಲಿ, ಮೇಲಕ್ ಬಾ!" ಮೇಷ್ಟ್ರು ಕಿರುಚಿದರು.

ನನಗೆ ಏಳಲಾಗಲಿಲ್ಲ. ಬ್ರಶ್ಶು ಹಿಡಿದುಕೊಂಡು ಬಿರುಕನ್ನೇ ನೋಡುತ್ತಾ ಕೂತಿದ್ದೆ. ಆ ಪುಕ್ಕಲ ಮನುಷ್ಯ ಧುಮುಕಿಯೇಬಿಟ್ಟರು! ರಟ್ಟೆ ಹಿಡಿದೆತ್ತಿ ನನ್ನನ್ನು ಮೇಲಕ್ಕೆ ದಬ್ಬಿದರು. "ಅಯ್ಯೋ ದೇವುಡಾ" ಎನ್ನುತ್ತಾ ಕೂಲಿ ಹೆಂಗಸರು ಎಳೆದುಕೊಂಡರು. ಅಷ್ಟರಲ್ಲಿ ಗೋಡೆ ಕುಸಿದು, ಮೇಷ್ಟ್ರು ಸೊಂಟದವರೆಗೆ ಹೂತುಹೋದರು. ಎಲ್ಲರೂ ಬರಿಗೈಯಲ್ಲೇ ಮಣ್ಣು ಬಗೆದೆವು. ಹೊರಗೆ ಬಂದವರು ಮಣ್ಣು ಕೊಡವಿಕೊಳ್ಳುತ್ತಾ ನನ್ನನ್ನೇ ಬೈದರು.

"ನಿಮ್ಮಮ್ಮನಿಗೆ ಏನಂತ ಹೇಳ್ಬೇಕಿತ್ತೇ ನಾನು?"

ಆವಿಗೆಯ ತಳ ಪೂರ್ತಿ ತೆಗೆದರೂ ಮೂಳೆ ಸಿಗಲಿಲ್ಲ. "ಬಚಾವಾಗಿದಾನೆ ನೋಡಮ್ಮ ನಮ್ ಕುಂಬಾರ!" ಎಂದು ಮೇಷ್ಟ್ರು ಅವತ್ತು ಎರಡು ಮುದ್ದೆ ಉಂಡರು.

ಅಂದಿನಿಂದ ಗುಂಡಿಗಿಳಿಯುವ ಮುಂಚೆ ನಾನೂ ಗೋಡೆ ತಟ್ಟುತ್ತೇನೆ. ಈಗ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಚಿಂತಾಮಣಿ ಕಡೆಯ ಅವರ ತೋಟದಲ್ಲೇ ಗುಂಡಿ ತೋಡಿ ಅವರನ್ನು ಇಳಿಸಿದ್ದರು. ಹಿಡಿಮಣ್ಣು ಹಾಕಲು ಮೊಣಕಾಲೂರಿ ಬಗ್ಗಿದಾಗ, ನನ್ನ ಬೆರಳು ತಾನಾಗಿಯೇ ಗುಂಡಿಯ ಗೋಡೆ ತಟ್ಟಿತು. ಪೊಳ್ಳು ಸದ್ದು.

"ಮೇಲಕ್ ಬನ್ನಿ ಸಾರ್," ಎಂದುಬಿಟ್ಟೆ.